ಛಾಯಾಗ್ರಹಣಕ್ಕೆ ವೇಗದ ಕಾರ್ಡ್ ರೀಡರ್: ಯಾವುದನ್ನು, ಯಾವ ಲೆಕ್ಕದಲ್ಲಿ ಕೊಳ್ಳಬೇಕು?

ಮಂಟಪದ ಬೆಳಕು:

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಸುತ್ತಮುತ್ತ ಮದುವೆ, ಗೃಹಪ್ರವೇಶ, ನಾಮಕರಣದಂತಹ ಸಮಾರಂಭಗಳ ಛಾಯಾಗ್ರಹಣ ಮಾಡುತ್ತೇನೆ. ನನ್ನ ಬಳಿ ಸೋನಿ ಎ7 ಮಾರ್ಕ್ 3 ಮತ್ತು ಎ7 ಮಾರ್ಕ್ 4 ಎಂಬ ಎರಡು ಕ್ಯಾಮೆರಾಗಳಿವೆ. ಎರಡರಲ್ಲೂ ಸದ್ಯಕ್ಕೆ ಎಸ್‌ಡಿ ಕಾರ್ಡುಗಳನ್ನೇ ಬಳಸುತ್ತಿದ್ದೇನೆ. ಮದುವೆಯ ಹಿಂದಿನ ರಾತ್ರಿ ಆರತಕ್ಷತೆ ಮುಗಿಯುವಾಗ ಹನ್ನೊಂದು ಗಂಟೆಯಾಗಿರುತ್ತದೆ. ಬೆಳಗಿನ ಧಾರೆ ಮುಹೂರ್ತಕ್ಕೆ ಮೊದಲು ಎಲ್ಲ ಕಾರ್ಡುಗಳನ್ನೂ ಲ್ಯಾಪ್‌ಟಾಪಿಗೆ ಇಳಿಸಿ, ಮತ್ತೊಂದು ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದು, ಕಾರ್ಡುಗಳನ್ನು ಖಾಲಿ ಮಾಡಿಕೊಳ್ಳಬೇಕು. ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ಕಾರ್ಡ್ ಕಿಂಡಿಯಿಂದಲೇ ಈವರೆಗೆ ನಕಲು ಮಾಡುತ್ತಿದ್ದೇನೆ. 64 ಜಿಬಿಯ ಒಂದು ತುಂಬಿದ ಕಾರ್ಡಿಗೆ ಹೆಚ್ಚುಕಡಿಮೆ ಅರ್ಧ ಗಂಟೆ ಹಿಡಿಯುತ್ತದೆ.

ಆದುದರಿಂದ ವೇಗವಾದ ಒಂದು ಕಾರ್ಡ್ ರೀಡರ್ ಕೊಳ್ಳಬೇಕೆಂದಿದ್ದೇನೆ. ಅಂಗಡಿಯಲ್ಲಿ ಕೆಲವು ನೂರು ರೂಪಾಯಿಯಿಂದ ಹಲವು ಸಾವಿರ ರೂಪಾಯಿಯವರೆಗೂ ರೀಡರುಗಳಿವೆ. ಎಲ್ಲದರ ಪೆಟ್ಟಿಗೆಯ ಮೇಲೂ ಅತಿವೇಗ ಎಂದೇ ಬರೆದಿದೆ. ನನ್ನ ಕೆಲವು ಕಾರ್ಡುಗಳ ಮೇಲೆ ಸೆಕೆಂಡಿಗೆ 170 ಮೆಗಾಬೈಟ್ ಎಂದಿದೆ, ಇನ್ನು ಕೆಲವುಗಳ ಮೇಲೆ 300 ಎಂದಿದೆ. ಆ ವೇಗಗಳು ನಿಜಕ್ಕೂ ಸಿಗಬೇಕಾದರೆ ಯಾವ ರೀಡರ್ ಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ತಂತಿ-ತಂತ್ರ:

ನೀವು ಹೇಳಿದ ಅರ್ಧ ಗಂಟೆಯಲ್ಲೇ ಉತ್ತರದ ಒಂದು ಭಾಗ ಇದೆ. 64 ಜಿಬಿ ಎಂದರೆ 64,000 ಮೆಗಾಬೈಟ್. ಅದನ್ನು 30 ನಿಮಿಷಕ್ಕೆ ಹಂಚಿದರೆ ಸೆಕೆಂಡಿಗೆ ಸುಮಾರು 35 ಮೆಗಾಬೈಟ್ ಬರುತ್ತದೆ. ಇದು ಯುಎಸ್‌ಬಿ 2.0 ಸಂಪರ್ಕದ ಗುರುತು. ಕಾಗದದ ಮೇಲೆ ಆ ಸಂಪರ್ಕದ ವೇಗ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್‌ಗಳಿಗೆ ಒಂದು ಬೈಟ್ ಆದುದರಿಂದ ಅದು 60 ಮೆಗಾಬೈಟ್ ಆಗುತ್ತದೆ; ಅದರಲ್ಲೂ ಸಂಪರ್ಕದ ಸ್ವಂತ ಖರ್ಚು ಕಳೆದು ನಮ್ಮ ಕೈಗೆ ಸಿಗುವುದು 35ರಿಂದ 40 ಮಾತ್ರ. ಅನೇಕ ಲ್ಯಾಪ್‌ಟಾಪುಗಳಲ್ಲಿ ಪಕ್ಕದ ಕಾರ್ಡ್ ಕಿಂಡಿಯನ್ನು ಒಳಗಡೆ ಯುಎಸ್‌ಬಿ 2.0 ತಂತಿಗೇ ಜೋಡಿಸಿರುತ್ತಾರೆ. ನಿಮ್ಮದೂ ಹಾಗೆಯೇ ಇರಬೇಕು. ಅಂದಮೇಲೆ ಆ ಕಿಂಡಿಗೆ ಎಂತಹ ದುಬಾರಿ ಕಾರ್ಡ್ ಹಾಕಿದರೂ ವೇಗ ಹೆಚ್ಚುವುದಿಲ್ಲ.

ಇನ್ನು ಕಾರ್ಡುಗಳ ವಿಷಯ. ಎಸ್‌ಡಿ ಕಾರ್ಡನ್ನು ತಿರುಗಿಸಿ ಹಿಂಬದಿಯನ್ನು ನೋಡಿ. ಚಿನ್ನದ ಬಣ್ಣದ ಪಟ್ಟಿಗಳು ಒಂದೇ ಸಾಲಿನಲ್ಲಿದ್ದರೆ ಅದು ಯುಎಚ್‌ಎಸ್-1 (ಯುಎಚ್‌ಎಸ್ ಎಂದರೆ ಎಸ್‌ಡಿ ಕಾರ್ಡಿನ ವೇಗದ ಸಂಪರ್ಕದ ಮಾದರಿ) ಅಥವಾ ಅದಕ್ಕಿಂತ ಹಳೆಯದು. ಎರಡು ಸಾಲುಗಳಿದ್ದರೆ ಬಹುತೇಕ ಯುಎಚ್‌ಎಸ್-2. ಮುಂಬದಿಯಲ್ಲಿ ರೋಮನ್ ಅಂಕಿಯ ಒಂದು ಗೀಟು ಅಥವಾ ಎರಡು ಗೀಟುಗಳೂ ಇದನ್ನೇ ಹೇಳುತ್ತವೆ. ಯುಎಚ್‌ಎಸ್-1ರ ಅಧಿಕೃತ ಮಿತಿ ಸೆಕೆಂಡಿಗೆ 104 ಮೆಗಾಬೈಟ್, ಯುಎಚ್‌ಎಸ್-2ರ ಮಿತಿ 312. ನಿಮ್ಮ 300 ಎಂದು ಬರೆದಿರುವ ಕಾರ್ಡುಗಳು ಯುಎಚ್‌ಎಸ್-2 ಆಗಿರುತ್ತವೆ. ಅವಕ್ಕೆ ಯುಎಚ್‌ಎಸ್-2 ರೀಡರ್ ಬೇಕೇ ಬೇಕು. ಯುಎಚ್‌ಎಸ್-1 ರೀಡರಿನಲ್ಲಿ ಎರಡನೆಯ ಸಾಲನ್ನು ಮುಟ್ಟುವ ಪಿನ್‌ಗಳೇ ಇರುವುದಿಲ್ಲವಾದ್ದರಿಂದ ಕಾರ್ಡು ಓದಿಕೊಳ್ಳುತ್ತದೆ, ಆದರೆ ಹಳೆಯ ವೇಗದಲ್ಲಿ.

170 ಎಂದು ಬರೆದಿರುವ ಕಾರ್ಡಿನ ಕಥೆ ಬೇರೆ, ಮತ್ತು ಬಹುಮಂದಿಗೆ ಗೊಂದಲ ಹುಟ್ಟುವುದು ಇಲ್ಲಿಯೇ. ಅದರ ಹಿಂಬದಿಯಲ್ಲಿ ಒಂದೇ ಸಾಲು ಕಾಣುತ್ತದೆ. 104ರ ಮಿತಿಯನ್ನು ದಾಟಿದ ಆ ವೇಗ ಎಸ್‌ಡಿ ಮಾನದಂಡದಲ್ಲಿ ಇಲ್ಲ; ಕಾರ್ಡ್ ತಯಾರಕರು ತಮ್ಮದೇ ಒಂದು ವಿಧಾನದಿಂದ ಅದನ್ನು ಸಾಧಿಸುತ್ತಾರೆ, ಮತ್ತು ಆ ವಿಧಾನವನ್ನು ಅರಿತ ರೀಡರ್ ಇದ್ದರೆ ಮಾತ್ರ ಅದು ಸಿಗುತ್ತದೆ. ಸ್ಯಾನ್‌ಡಿಸ್ಕ್ ಕಾರ್ಡಾದರೆ ಅದೇ ಸಂಸ್ಥೆ ಈ ವೇಗಕ್ಕೆಂದೇ ಮಾರುವ ರೀಡರ್ ಬೇಕಾಗುತ್ತದೆ. ಸಾಮಾನ್ಯ ಯುಎಚ್‌ಎಸ್-1 ರೀಡರಿನಲ್ಲಿ, ಅಷ್ಟೇಕೆ ದುಬಾರಿ ಯುಎಚ್‌ಎಸ್-2 ರೀಡರಿನಲ್ಲಿಯೂ ಆ ಕಾರ್ಡು ಸೆಕೆಂಡಿಗೆ 90ರ ಆಸುಪಾಸಿನಲ್ಲೇ ಓದಿಕೊಳ್ಳುತ್ತದೆ. ಕಾರ್ಡಿನಲ್ಲಿ ದೋಷವಿದೆಯೆಂದು ಅನೇಕರು ಅಂಗಡಿಗೆ ಮರಳಿಸುತ್ತಾರೆ, ಆದರೆ ಅದು ದೋಷವಲ್ಲ.

ಹಳೇ ರೀಲು:

ಧಾರವಾಡದಲ್ಲಿ ಸ್ಟುಡಿಯೋ ನಡೆಸುವವನು ನಾನು. ತಂತಿ-ತಂತ್ರ ಅವರು ಹೇಳಿದ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರು ಮದುವೆಯ ಕೆಲಸದವರು ಎಂಬುದನ್ನು ನಾವು ಮರೆಯಬಾರದು. ಮದುವೆಯ ಚಿತ್ರಗಳನ್ನು ಮತ್ತೊಮ್ಮೆ ತೆಗೆಯಲು ಬರುವುದಿಲ್ಲ. ಹೀಗಿರುವಾಗ ರೀಡರನ್ನು ಆರಿಸುವ ಮೊದಲ ಅಳತೆ ವೇಗವಾಗಬಾರದು, ನಂಬಿಕೆಯಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಂಬಿಕೆ ಎಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲನೆಯದಾಗಿ, ಕಾರ್ಡು ಕಿಂಡಿಯೊಳಗೆ ನೇರವಾಗಿ, ಅಲುಗಾಡದೆ ಕೂರಬೇಕು. ಅಗ್ಗದ ರೀಡರುಗಳಲ್ಲಿ ಕಿಂಡಿ ಸಡಿಲವಾಗಿ, ನಕಲು ನಡೆಯುತ್ತಿರುವಾಗಲೇ ಸಂಪರ್ಕ ತಪ್ಪುತ್ತದೆ. ಕಂಪ್ಯೂಟರು ಆಗ ಕಾರ್ಡಿನ ಮೇಲೆ ಏನನ್ನಾದರೂ ಬರೆಯುತ್ತಿದ್ದರೆ ಕಡತಗಳ ಪಟ್ಟಿಯೇ ಕೆಡುವ ಅಪಾಯವಿದೆ. ಎರಡನೆಯದಾಗಿ, ನಿರಂತರವಾಗಿ ಕೆಲಸ ಮಾಡುವಾಗ ರೀಡರ್ ಅತಿಯಾಗಿ ಬಿಸಿಯಾಗಬಾರದು. ಮೂರನೆಯದಾಗಿ, ಸಾಧ್ಯವಾದರೆ ಕೇಬಲ್ ರೀಡರಿನಿಂದ ಬಿಚ್ಚಿಕೊಳ್ಳುವಂತಿರಬೇಕು. ಕೇಬಲ್ ಸೇರಿಕೊಂಡೇ ಇರುವ ರೀಡರಿನಲ್ಲಿ ಮೊದಲು ಸಾಯುವುದು ಕೇಬಲಿನ ಬುಡ, ಮತ್ತು ಅದು ಸತ್ತರೆ ಇಡೀ ಸಾಧನವನ್ನು ಎಸೆಯಬೇಕಾಗುತ್ತದೆ.

ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡುಗಳ ಕಾಲದಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಆ ಕಾರ್ಡಿಗೆ 50 ರಂಧ್ರಗಳು, ರೀಡರಿನಲ್ಲಿ 50 ಸೂಜಿಯಂತಹ ಪಿನ್‌ಗಳು. ಓರೆಯಾಗಿ ತಳ್ಳಿದರೆ ಒಂದು ಪಿನ್ನು ಬಾಗುತ್ತಿತ್ತು, ಬಾಗಿದ್ದನ್ನು ನೋಡದೆ ಮತ್ತೆ ತಳ್ಳಿದರೆ ಕಾರ್ಡಿಗೂ ಹಾನಿಯಾಗುತ್ತಿತ್ತು. ಎಸ್‌ಡಿ ಕಾರ್ಡಿನಲ್ಲಿ ಆ ಭಯವಿಲ್ಲ, ಆದರೂ ಸಡಿಲವಾದ ಕಿಂಡಿಯ ಭಯ ಉಳಿದೇ ಇದೆ.

ಬೆಳ್ಳಕ್ಕಿ:

ನಾನು ಮೈಸೂರಿನವಳು, ಹಕ್ಕಿಗಳ ಚಿತ್ರ ತೆಗೆಯುತ್ತೇನೆ. ರಂಗನತಿಟ್ಟು ಮತ್ತು ಕಬಿನಿಯ ಕಡೆಗೆ ಹೆಚ್ಚು ಹೋಗುತ್ತೇನೆ. ನನ್ನ ಕ್ಯಾಮೆರಾ ನಿಕಾನ್ ಡಿ500. ಅದರಲ್ಲಿ ಒಂದು ಎಕ್ಸ್‌ಕ್ಯೂಡಿ (ಎಸ್‌ಡಿಗಿಂತ ಬೇರೆಯಾದ, ವೇಗದ ಕಾರ್ಡಿನ ಬಗೆ) ಕಿಂಡಿ ಮತ್ತು ಒಂದು ಯುಎಚ್‌ಎಸ್-2 ಎಸ್‌ಡಿ ಕಿಂಡಿ ಇವೆ. ನನ್ನಂತೆ ಎಕ್ಸ್‌ಕ್ಯೂಡಿ ಬಳಸುವವರು ಈ ಚರ್ಚೆಯನ್ನು ಓದುತ್ತಿದ್ದರೆ ಅವರಿಗೊಂದು ಎಚ್ಚರಿಕೆ ಹೇಳಬೇಕಾಗಿದೆ.

ಎಕ್ಸ್‌ಕ್ಯೂಡಿ ಮತ್ತು ಅದರ ನಂತರ ಬಂದ ಇನ್ನೂ ವೇಗದ ಬಗೆಯಾದ ಸಿಎಫ್‌ಎಕ್ಸ್‌ಪ್ರೆಸ್ ಬಿ ಮಾದರಿಯ ಕಾರ್ಡುಗಳು ನೋಡಲು ಒಂದೇ ಅಳತೆ, ಒಂದೇ ಆಕಾರ. 2020ರಲ್ಲಿ ಬಂದ ಫರ್ಮ್‌ವೇರ್‌ನಿಂದ (ಕ್ಯಾಮೆರಾದ ಒಳಗಿನ ತಂತ್ರಾಂಶದಿಂದ) ಡಿ500 ಎರಡನ್ನೂ ಸ್ವೀಕರಿಸುತ್ತದೆ. ಇದರಿಂದಾಗಿ, ಸಿಎಫ್‌ಎಕ್ಸ್‌ಪ್ರೆಸ್ ರೀಡರಿನಲ್ಲಿ ಎಕ್ಸ್‌ಕ್ಯೂಡಿ ಕೂಡ ಓದಿಕೊಳ್ಳುತ್ತದೆ ಎಂದು ನಾವು ಸಹಜವಾಗಿಯೇ ಭಾವಿಸುತ್ತೇವೆ. ಆದರೆ ಹೆಚ್ಚಿನ ರೀಡರುಗಳಲ್ಲಿ ಹಾಗಿಲ್ಲ. ಕಾರ್ಡು ಕಿಂಡಿಯೊಳಗೆ ಸಲೀಸಾಗಿ ಹೋಗುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ಏನೂ ಕಾಣಿಸುವುದಿಲ್ಲ. ಎರಡನ್ನೂ ಓದುವ ರೀಡರ್ ಬೇಕಿದ್ದರೆ ವಿವರಣೆಯಲ್ಲಿ ಎಕ್ಸ್‌ಕ್ಯೂಡಿ ಎಂಬ ಪದ ಸ್ಪಷ್ಟವಾಗಿ ಇದೆಯೇ ಎಂದು ನೋಡಿಕೊಳ್ಳಬೇಕು. ಸೋನಿಯ ಎಂಆರ್‌ಡಬ್ಲ್ಯೂ-ಜಿ1 ಎಂಬ ರೀಡರ್ ಎರಡನ್ನೂ ಓದುತ್ತದೆ.

ಹಳೇ ರೀಲು ಅವರೇ, ನಂಬಿಕೆಯ ಮಾತನ್ನು ನಾನೂ ಒಪ್ಪುತ್ತೇನೆ, ಆದರೆ ವೇಗವನ್ನು ಎರಡನೆಯ ಸ್ಥಾನಕ್ಕೆ ಇಳಿಸುವುದು ಎಲ್ಲರಿಗೂ ಸರಿಹೊಂದುವುದಿಲ್ಲ. ಬೆಳಗಿನ ಸಫಾರಿ ಮುಗಿಸಿ ಬಂದು ಮಧ್ಯಾಹ್ನದ ಸಫಾರಿಗೆ ಹೊರಡುವ ನಡುವಿನ ಅವಧಿಯಲ್ಲಿ ಊಟ, ಬ್ಯಾಟರಿ ಚಾರ್ಜು, ಲೆನ್ಸಿನ ಧೂಳು ಒರೆಸುವ ಕೆಲಸ ಎಲ್ಲವೂ ಆಗಬೇಕು. ನಕಲು ನಿಧಾನವಾದರೆ ಮನುಷ್ಯರು ಅವಸರಪಡುತ್ತಾರೆ, ಅವಸರದಲ್ಲಿ ಎರಡನೆಯ ಪ್ರತಿ ತೆಗೆಯುವುದನ್ನು ಮುಂದೂಡುತ್ತಾರೆ. ವೇಗವಾದ ರೀಡರ್ ಇದ್ದರೆ ಆ ಎರಡನೆಯ ಪ್ರತಿಗೂ ಸಮಯ ಸಿಗುತ್ತದೆ. ಹಾಗಾಗಿ ನನ್ನ ದೃಷ್ಟಿಯಲ್ಲಿ ವೇಗವೂ ಸುರಕ್ಷತೆಯ ಒಂದು ಭಾಗವೇ.

ಹಳೇ ರೀಲು:

ಬೆಳ್ಳಕ್ಕಿ ಮೇಡಂ, ನೀವು ಹೇಳಿದ ಕೊನೆಯ ಮಾತಿನಲ್ಲಿ ತೂಕವಿದೆ. ನಾನು ಸ್ಟುಡಿಯೋದಲ್ಲಿ ಕುಳಿತು ನಕಲು ಮಾಡುವವನು, ನನಗೆ ಆ ಅವಸರ ಇರುವುದಿಲ್ಲ. ಬಯಲಿನಲ್ಲಿ ಕೆಲಸ ಮಾಡುವವರಿಗೆ ಲೆಕ್ಕ ಬೇರೆಯಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಒಂದು ಮಾತನ್ನು ಸೇರಿಸುತ್ತೇನೆ: ವೇಗದಿಂದ ಉಳಿದ ಸಮಯವನ್ನು ಪರಿಶೀಲನೆಗೆ ಬಳಸಬೇಕು. ನಕಲಾದ ಕಡತ ಮೂಲದಂತೆಯೇ ಇದೆಯೇ ಎಂದು ಹೋಲಿಸಿ ನೋಡುವ ತಂತ್ರಾಂಶಗಳಿವೆ. ವಿಂಡೋಸ್‌ನಲ್ಲಿ ಟೆರಾಕಾಪಿ ಈ ಕೆಲಸವನ್ನು ಮಾಡುತ್ತದೆ. ಪರಿಶೀಲನೆಗೆ ಕಾರ್ಡನ್ನು ಮತ್ತು ಪ್ರತಿಯನ್ನು ಓದಲೇಬೇಕಾದುದರಿಂದ ಒಟ್ಟು ಸಮಯ ಬೆಳೆಯುತ್ತದೆ. ರೀಡರ್ ವೇಗವಾಗಿದ್ದರೆ ಇದು ಸಲೀಸು, ನಿಧಾನವಾಗಿದ್ದರೆ ಯಾರೂ ಮಾಡುವುದಿಲ್ಲ.

ಮಂಟಪದ ಬೆಳಕು:

ತಮ್ಮೆಲ್ಲರ ಮಾತುಗಳಿಗೆ ಕೃತಜ್ಞತೆಗಳು. ಕಾರ್ಡುಗಳನ್ನು ತಿರುಗಿಸಿ ನೋಡಿದೆ. 170 ಎಂದು ಬರೆದವುಗಳಲ್ಲಿ ಒಂದೇ ಸಾಲಿದೆ, 300 ಎಂದು ಬರೆದವುಗಳಲ್ಲಿ ಎರಡು ಸಾಲುಗಳಿವೆ. ಇನ್ನು ಎರಡು ಸಂದೇಹಗಳು ಉಳಿದಿವೆ. ನನ್ನ ಲ್ಯಾಪ್‌ಟಾಪಿನಲ್ಲಿ ನೀಲಿ ಬಣ್ಣದ ಎರಡು ಹಳೆಯ ಮಾದರಿಯ ಯುಎಸ್‌ಬಿ ಪೋರ್ಟುಗಳೂ ಒಂದು ಸಿ ಮಾದರಿಯ ಪೋರ್ಟೂ ಇವೆ. ಯಾವುದಕ್ಕೆ ಜೋಡಿಸುವ ರೀಡರ್ ಕೊಳ್ಳಬೇಕು? ಮತ್ತು ಹೊರಗಿನ ಹಾರ್ಡ್ ಡಿಸ್ಕಿಗೆ ನೇರವಾಗಿ ನಕಲು ಮಾಡಿದರೆ ಸಮಯ ಉಳಿಯುತ್ತದೆಯೇ?

ತಂತಿ-ತಂತ್ರ:

ಮೊದಲು ಪೋರ್ಟಿನ ವಿಷಯ. ಸಿ ಎಂಬುದು ಪಿನ್ನಿನ ಆಕಾರದ ಹೆಸರು, ವೇಗದ ಹೆಸರಲ್ಲ. ಸಿ ಆಕಾರದ ಪೋರ್ಟಿನಲ್ಲಿ ಯುಎಸ್‌ಬಿ 2.0 ವೇಗ ಮಾತ್ರ ಇರಬಹುದು, ಸೆಕೆಂಡಿಗೆ 40 ಗಿಗಾಬಿಟ್‌ನ ಯುಎಸ್‌ಬಿ4 ಕೂಡ ಇರಬಹುದು. ಐಫೋನ್ 15ನ್ನೇ ನೋಡಿ: ಅದರ ಸಿ ಪೋರ್ಟು ಯುಎಸ್‌ಬಿ 2.0 ವೇಗದ್ದು, 15 ಪ್ರೋ ಮಾದರಿಯದು 10 ಗಿಗಾಬಿಟ್‌ನದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ನಿಮ್ಮ ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ಅಥವಾ ತಯಾರಕರ ವಿವರಣೆಯಲ್ಲಿ ಆ ಪೋರ್ಟಿನ ವೇಗ ಎಷ್ಟೆಂದು ನೋಡಿಕೊಳ್ಳಿ. ನೀಲಿ ಪೋರ್ಟುಗಳು ಬಹುತೇಕ 5 ಗಿಗಾಬಿಟ್‌ನವು.

ಈ 5 ಗಿಗಾಬಿಟ್ ಸಂಪರ್ಕ 2008ರಲ್ಲಿ ಬಂದಾಗ ಅದರ ಹೆಸರು ಯುಎಸ್‌ಬಿ 3.0. ಆಮೇಲೆ ಅದನ್ನೇ 3.1 ಜೆನ್ 1 ಎಂದರು, ಇನ್ನೂ ಆಮೇಲೆ 3.2 ಜೆನ್ 1 ಎಂದರು. ಸಾಮಾನ್ಯ ಗ್ರಾಹಕರನ್ನು ಇಷ್ಟು ಗೊಂದಲಕ್ಕೆ ನೂಕಿದ ಹೆಸರಿಡುವಿಕೆ ಮತ್ತೊಂದಿಲ್ಲವೆಂದೇ ನನಗೆ ಅನ್ನಿಸುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಹೆಸರನ್ನು ನೋಡಬೇಡಿ, ಗಿಗಾಬಿಟ್ ಎಷ್ಟೆಂದು ನೋಡಿ. 5 ಗಿಗಾಬಿಟ್ ಎಂದಿದ್ದರೆ ಕೈಗೆ ಸಿಗುವ ವೇಗ ಸೆಕೆಂಡಿಗೆ 400ರಿಂದ 450 ಮೆಗಾಬೈಟ್. ಯುಎಚ್‌ಎಸ್-2 ಕಾರ್ಡಿನ ಮಿತಿಯೇ 312 ಆದುದರಿಂದ ಎಸ್‌ಡಿ ಕಾರ್ಡ್ ಮಾತ್ರ ಬಳಸುವವರಿಗೆ ಇದು ಧಾರಾಳವಾಗಿ ಸಾಕು. 10 ಗಿಗಾಬಿಟ್ ರೀಡರಿಗೆ ಹೆಚ್ಚು ಹಣ ಕೊಟ್ಟರೆ ಎಸ್‌ಡಿ ಕಾರ್ಡಿನಲ್ಲಿ ಅದರಿಂದ ಯಾವ ಲಾಭವೂ ಇಲ್ಲ.

ಕೇಬಲನ್ನು ಬಹಳ ಮಂದಿ ಗಮನಿಸುವುದಿಲ್ಲ. ಫೋನಿನ ಚಾರ್ಜರಿನ ಜೊತೆ ಬರುವ ಸಿ ಕೇಬಲುಗಳಲ್ಲಿ ಅನೇಕವು ಮಾಹಿತಿ ಸಾಗಿಸಲು ಯುಎಸ್‌ಬಿ 2.0 ತಂತಿಗಳನ್ನು ಮಾತ್ರ ಹೊಂದಿರುತ್ತವೆ. ರೀಡರಿನ ಸ್ವಂತ ಕೇಬಲ್ ಮನೆಯಲ್ಲಿ ಮರೆತು, ಚಾರ್ಜರಿನ ಕೇಬಲಿನಲ್ಲಿ ಜೋಡಿಸಿದರೆ ಹತ್ತು ಸಾವಿರದ ರೀಡರೂ 35 ಮೆಗಾಬೈಟಿಗೆ ಇಳಿಯುತ್ತದೆ. ನೀಲಿ ಪೋರ್ಟಿಗೆ ಪಿನ್ನನ್ನು ತೀರ ನಿಧಾನವಾಗಿ ತಳ್ಳಿದರೂ ಕೆಲವೊಮ್ಮೆ ಹೀಗಾಗುವುದುಂಟು. 2.0ರ ನಾಲ್ಕು ಸಂಪರ್ಕಗಳು ಮುಂದೆ ಇದ್ದು ಮೊದಲು ತಾಗುತ್ತವೆ, ವೇಗದ ಐದು ಸಂಪರ್ಕಗಳು ಹಿಂದೆ ಇದ್ದು ತಡವಾಗಿ ತಾಗುತ್ತವೆ; ಅಷ್ಟರಲ್ಲಿ ಕಂಪ್ಯೂಟರು ಇದು 2.0 ಸಾಧನವೆಂದು ತೀರ್ಮಾನಿಸಿಬಿಡುತ್ತದೆ. ವೇಗ ಅನುಮಾನಕ್ಕೆ ಎಡೆಮಾಡಿದರೆ ಒಮ್ಮೆ ತೆಗೆದು ಒಂದೇ ಬಾರಿಗೆ ದೃಢವಾಗಿ ಜೋಡಿಸಿ.

ಇನ್ನು ಹಾರ್ಡ್ ಡಿಸ್ಕು. ಕೆರೆ ಎಷ್ಟೇ ತುಂಬಿದ್ದರೂ ತೂಬಿನ ಅಗಲದಷ್ಟೇ ನೀರು ಕಾಲುವೆಗೆ ಬರುವಂತೆ, ಇಲ್ಲಿಯೂ ಅತ್ಯಂತ ನಿಧಾನವಾದ ಘಟ್ಟವೇ ಒಟ್ಟು ವೇಗವನ್ನು ನಿರ್ಧರಿಸುತ್ತದೆ. ಕಿಸೆಯಲ್ಲಿ ಹಿಡಿಸುವಂತಹ, ಒಳಗೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕುಗಳು ಸೆಕೆಂಡಿಗೆ 100ರಿಂದ 130 ಮೆಗಾಬೈಟ್ ಬರೆದುಕೊಳ್ಳುತ್ತವೆ. ಯುಎಚ್‌ಎಸ್-2 ಕಾರ್ಡಿನಿಂದ ನೇರವಾಗಿ ಅಲ್ಲಿಗೆ ನಕಲು ಮಾಡಿದರೆ 64 ಜಿಬಿಗೆ ಸುಮಾರು ಒಂಬತ್ತು ನಿಮಿಷ ಹಿಡಿಯುತ್ತದೆ. ಅದೇ ಕಾರ್ಡನ್ನು ಲ್ಯಾಪ್‌ಟಾಪಿನ ಒಳಗಿನ ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯಿಲ್ಲದ, ಚಿಪ್ಪುಗಳ ವೇಗದ ಡಿಸ್ಕಿಗೆ) ಸೆಕೆಂಡಿಗೆ 250ರಂತೆ ಇಳಿಸಿದರೆ ನಾಲ್ಕೂಕಾಲು ನಿಮಿಷ ಸಾಕು. ಆದ್ದರಿಂದ ಮೊದಲ ಪ್ರತಿಯನ್ನು ಎಸ್‌ಎಸ್‌ಡಿಗೆ ತೆಗೆದುಕೊಳ್ಳಿ, ಅಲ್ಲಿಂದ ಹಾರ್ಡ್ ಡಿಸ್ಕಿಗೆ ಎರಡನೆಯ ಪ್ರತಿಯನ್ನು ಕಳುಹಿಸಿ. ಎರಡನೆಯದು ನಿಧಾನವಾದರೂ ಕಾರ್ಡು ಕೈಗೆ ಬೇಗ ಬರುತ್ತದೆ.

ಕಡಲಂಚು:

ಉಡುಪಿಯಿಂದ ನಮಸ್ಕಾರ. ನಾನು ಯಕ್ಷಗಾನದ ರಾತ್ರಿಯ ಪ್ರಸಂಗಗಳ ಚಿತ್ರ ಮತ್ತು ವಿಡಿಯೋ ಎರಡನ್ನೂ ಮಾಡುತ್ತೇನೆ. ಮ್ಯಾಕ್ ಬಳಸುವವರಿಗೆ ಎರಡು ಮಾತು ಹೇಳಬೇಕೆನ್ನಿಸಿತು. 2021ರ ನಂತರದ 14 ಮತ್ತು 16 ಅಂಗುಲದ ಮ್ಯಾಕ್‌ಬುಕ್ ಪ್ರೋಗಳಲ್ಲಿರುವ ಎಸ್‌ಡಿ ಕಿಂಡಿ ಯುಎಚ್‌ಎಸ್-2 ವೇಗವನ್ನು ಕೊಡುತ್ತದೆ. ಎಸ್‌ಡಿ ಕಾರ್ಡ್ ಮಾತ್ರ ಬಳಸುವವರು ಅಂತಹ ಯಂತ್ರ ಇದ್ದರೆ ಪ್ರತ್ಯೇಕ ರೀಡರಿಗೆ ಹಣ ಹಾಕುವ ಅಗತ್ಯವೇ ಇಲ್ಲ. ರೀಡರ್ ಯಾವ ವೇಗದಲ್ಲಿ ಸೇರಿಕೊಂಡಿದೆ ಎಂದು ತಿಳಿಯಬೇಕಾದರೆ ಸಿಸ್ಟಮ್ ಇನ್ಫರ್ಮೇಶನ್ ತೆರೆದು ಯುಎಸ್‌ಬಿ ವಿಭಾಗದಲ್ಲಿ ರೀಡರಿನ ಹೆಸರಿನ ಮೇಲೆ ಒತ್ತಿದರೆ ವೇಗ ಬರೆದಿರುತ್ತದೆ. 480 ಮೆಗಾಬಿಟ್ ಎಂದು ಕಂಡರೆ ಕೇಬಲನ್ನು ಸಂಶಯಿಸಬೇಕು.

ಎರಡನೆಯದು ಸಿಎಫ್‌ಎಕ್ಸ್‌ಪ್ರೆಸ್ ಬಳಸುವವರಿಗೆ. ಬಿ ಮಾದರಿಯ ಕಾರ್ಡುಗಳ ಎರಡನೆಯ ಪೀಳಿಗೆಯಲ್ಲಿಯೇ ಸೈದ್ಧಾಂತಿಕ ಮಿತಿ ಸೆಕೆಂಡಿಗೆ ಸುಮಾರು 2,000 ಮೆಗಾಬೈಟ್. 2023ರಲ್ಲಿ ಪ್ರಕಟವಾದ 4.0 ಮಾನದಂಡದಲ್ಲಿ ಅದು ದುಪ್ಪಟ್ಟಾಗಿದೆ. ಇವುಗಳಿಗೆ 10 ಗಿಗಾಬಿಟ್ ರೀಡರ್ ಹಾಕಿದರೆ ವೇಗ 1,000ದ ಆಸುಪಾಸಿಗೆ ನಿಲ್ಲುತ್ತದೆ. ಹೆಚ್ಚು ಬೇಕೆಂದು 20 ಗಿಗಾಬಿಟ್‌ನ 2x2 ಎಂಬ ರೀಡರನ್ನು ಮ್ಯಾಕ್‌ಗೆ ಕೊಂಡರೆ ಅದು ಮತ್ತೆ 10ಕ್ಕೇ ಇಳಿಯುತ್ತದೆ, ಏಕೆಂದರೆ ಹೆಚ್ಚಿನ ಮ್ಯಾಕ್‌ಗಳು ಆ 2x2 ವಿಧಾನವನ್ನು ಬೆಂಬಲಿಸುವುದಿಲ್ಲ. ಮ್ಯಾಕ್ ಬಳಸುವವರು ಥಂಡರ್‌ಬೋಲ್ಟ್ ಅಥವಾ ಯುಎಸ್‌ಬಿ4 ರೀಡರನ್ನೇ ನೋಡಬೇಕು. ಈ ಕಾರ್ಡುಗಳು ಚೆನ್ನಾಗಿ ಬಿಸಿಯಾಗುತ್ತವೆ ಎಂಬುದನ್ನೂ ನೆನಪಿಡಿ. ರಾತ್ರಿಯಿಡೀ ತೆಗೆದ ವಿಡಿಯೋವನ್ನು ಇಳಿಸುವಾಗ ಪ್ಲಾಸ್ಟಿಕ್ ಮೈಯ ರೀಡರಿನಲ್ಲಿ ಶಾಖ ಹೊರಹೋಗದೆ ಕಾರ್ಡು ತಾನಾಗಿಯೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಲೋಹದ ಮೈಯ ರೀಡರ್ ಇಲ್ಲಿ ನಿಜವಾದ ಉಪಯೋಗಕ್ಕೆ ಬರುತ್ತದೆ.

ಮಲೆಮಳೆ:

ನಾನು ತೀರ್ಥಹಳ್ಳಿಯವನು, ಹವ್ಯಾಸಕ್ಕಾಗಿ ಚಿತ್ರ ತೆಗೆಯುತ್ತೇನೆ. ನನ್ನ ಬಳಿ ನಿಕಾನ್ ಡಿ7500 ಇದೆ. ನಾನೂ ಯುಎಚ್‌ಎಸ್-2 ಕಾರ್ಡು ಮತ್ತು ರೀಡರ್ ಎರಡನ್ನೂ ಕೊಂಡರೆ ಕ್ಯಾಮೆರಾದ ಬರ್ಸ್ಟ್ (ಒಂದೇ ಸಮನೆ ಸಾಲಾಗಿ ಚಿತ್ರ ತೆಗೆಯುವ) ವೇಗವೂ ಹೆಚ್ಚುತ್ತದೆಯೇ? ಸದ್ಯಕ್ಕೆ ಮೈಕ್ರೋ ಎಸ್‌ಡಿ ಕಾರ್ಡನ್ನು ಅಡಾಪ್ಟರಿನಲ್ಲಿಟ್ಟು ಬಳಸುತ್ತಿದ್ದೇನೆ.

ಬೆಳ್ಳಕ್ಕಿ:

ಮಲೆಮಳೆ ಅವರೇ, ಹೆಚ್ಚುವುದಿಲ್ಲ. ಡಿ7500ರ ಕಿಂಡಿ ಯುಎಚ್‌ಎಸ್-1 ಮಾತ್ರ. ಯುಎಚ್‌ಎಸ್-2 ಕಾರ್ಡು ಅದರಲ್ಲಿ ಕೆಲಸ ಮಾಡುತ್ತದೆ, ಆದರೆ ಒಂದನೆಯ ಸಾಲಿನ ಪಟ್ಟಿಗಳಿಂದ ಮಾತ್ರ. ರೀಡರಂತೂ ಕ್ಯಾಮೆರಾದ ಒಳಗಿನ ಯಾವ ವೇಗವನ್ನೂ ಬದಲಾಯಿಸುವುದಿಲ್ಲ. ಕ್ಯಾಮೆರಾ ಬರೆಯುವ ವೇಗಕ್ಕೆ ಕಾರ್ಡಿನ ಮೇಲಿರುವ ವಿ30, ವಿ60, ವಿ90 ಎಂಬ ಗುರುತುಗಳನ್ನು ನೋಡಬೇಕು. ಅವು ಸೆಕೆಂಡಿಗೆ ಕನಿಷ್ಠ 30, 60, 90 ಮೆಗಾಬೈಟ್ ನಿರಂತರವಾಗಿ ಬರೆಯುವ ಭರವಸೆಯನ್ನು ಸೂಚಿಸುತ್ತವೆ. ದೊಡ್ಡ ಅಕ್ಷರದಲ್ಲಿ ಬರೆದಿರುವ 170, 200, 300 ಎಂಬ ಅಂಕಿಗಳು ಸಾಮಾನ್ಯವಾಗಿ ಓದುವ ವೇಗದವು. ಎರಡನ್ನೂ ಬೆರೆಸಿ ನೋಡಬಾರದು.

ನಿಮ್ಮ ಕ್ಯಾಮೆರಾಕ್ಕೆ ಪೂರ್ಣ ಅಳತೆಯ, ಒಳ್ಳೆಯ ಹೆಸರಿನ ವಿ30 ಕಾರ್ಡೊಂದು ಮತ್ತು 5 ಗಿಗಾಬಿಟ್‌ನ ಸರಳ ರೀಡರೊಂದು ಸಾಕು. ಅಷ್ಟರಲ್ಲೇ 64 ಜಿಬಿ ಹನ್ನೆರಡು ನಿಮಿಷದಲ್ಲಿ ಇಳಿಯುತ್ತದೆ. ಅಡಾಪ್ಟರನ್ನು ಮಾತ್ರ ಬಿಟ್ಟುಬಿಡಿ. ಕ್ಯಾಮೆರಾ ಮತ್ತು ಕಾರ್ಡಿನ ನಡುವೆ ಅದು ಅನಗತ್ಯವಾದ ಇನ್ನೊಂದು ಸಂಪರ್ಕ, ಸಡಿಲವಾಗುವುದಕ್ಕೆ ಇನ್ನೊಂದು ಜಾಗ.

ಮಲೆಮಳೆ:

ಧನ್ಯವಾದಗಳು ಮೇಡಂ. ಬೆಂಗಳೂರಿಗೆ ಬಂದಾಗ ಎಸ್.ಪಿ. ರಸ್ತೆಯಲ್ಲಿ ಕೊಳ್ಳೋಣವೆಂದಿದ್ದೇನೆ. ಅಲ್ಲಿ ಅಸಲಿ ಕಾರ್ಡನ್ನು ಗುರುತಿಸುವುದು ಹೇಗೆ?

ಹಳೇ ರೀಲು:

ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಬಿಲ್ಲು ಮತ್ತು ವಾರಂಟಿ ಇಲ್ಲದ ಕಾರ್ಡನ್ನು ಕೊಳ್ಳಬೇಡಿ. ಪ್ಯಾಕೆಟ್ಟಿನ ಅಂದ ನೋಡಿ ತೀರ್ಮಾನಿಸಲು ಆಗುವುದಿಲ್ಲ, ನಕಲು ಮಾಡುವವರು ಪ್ಯಾಕೆಟ್ಟನ್ನು ಅಸಲಿಗಿಂತ ಚೆನ್ನಾಗಿಯೇ ಅಚ್ಚು ಹಾಕಿಸುತ್ತಾರೆ. ನಕಲಿ ಕಾರ್ಡಿನ ಅತ್ಯಂತ ಕೆಟ್ಟ ಗುಣವೆಂದರೆ ಅದು 128 ಜಿಬಿ ಎಂದು ಕಂಪ್ಯೂಟರಿಗೆ ಹೇಳಿಕೊಂಡು, ಒಳಗೆ ಅದರ ಒಂದು ಪಾಲಿನಷ್ಟು ಮಾತ್ರ ಜಾಗವಿಟ್ಟುಕೊಂಡಿರುವುದು. ಆ ಜಾಗ ತುಂಬಿದ ಮೇಲೆ ತೆಗೆದ ಚಿತ್ರಗಳು ಹೆಸರಿಗೆ ಮಾತ್ರ ಇರುತ್ತವೆ, ತೆರೆದರೆ ಏನೂ ಇರುವುದಿಲ್ಲ.

ಇದಕ್ಕೆ ಒಂದೇ ಮದ್ದು, ಕಾರ್ಡನ್ನು ಪೂರ್ತಿ ತುಂಬಿಸಿ ಮರಳಿ ಓದಿ ನೋಡುವುದು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಈ ಕೆಲಸವನ್ನು ಮಾಡುತ್ತವೆ. ಹೊಸ ಕಾರ್ಡಿನಲ್ಲಿ ಒಂದು ಮದುವೆಯನ್ನಾಗಲಿ ಒಂದು ಪ್ರವಾಸವನ್ನಾಗಲಿ ತೆಗೆಯುವ ಮೊದಲು ಈ ಪರೀಕ್ಷೆಯನ್ನು ತಪ್ಪದೆ ಮಾಡಿ. ರೀಡರ್ ಎಷ್ಟು ವೇಗ ಕೊಡುತ್ತಿದೆ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಕಾರ್ಡನ್ನು ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಬೇಕು, ಕಂಪ್ಯೂಟರಿನಲ್ಲಿ ಅಲ್ಲ.

ಮಂಟಪದ ಬೆಳಕು:

ಬಹಳಷ್ಟು ಸ್ಪಷ್ಟವಾಯಿತು. ಲ್ಯಾಪ್‌ಟಾಪಿನ ವಿವರಣೆ ನೋಡಿದೆ, ಸಿ ಪೋರ್ಟು 10 ಗಿಗಾಬಿಟ್‌ನದು. ಎ7 ಮಾರ್ಕ್ 4ರ ಒಂದನೆಯ ಕಿಂಡಿಯಲ್ಲಿ ಸಿಎಫ್‌ಎಕ್ಸ್‌ಪ್ರೆಸ್ ಎ ಮಾದರಿಯ ಕಾರ್ಡೂ ಹಿಡಿಸುತ್ತದೆ. ಮುಂದೆ ಅದಕ್ಕೆ ಹೋಗುವ ಸಾಧ್ಯತೆಯಿದ್ದರೆ ಈಗಲೇ ಎರಡನ್ನೂ ಓದುವ ರೀಡರ್ ಕೊಳ್ಳುವುದು ಜಾಣತನವೇ? ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಹೊಸ ಬಗೆಯೂ ಬಂದಿದೆಯಂತೆ, ಅದಕ್ಕಾಗಿ ಕಾಯಬೇಕೇ?

ತಂತಿ-ತಂತ್ರ:

ಎಸ್‌ಡಿ ಎಕ್ಸ್‌ಪ್ರೆಸ್‌ಗಾಗಿ ಕಾಯಬೇಡಿ. ಮಾನದಂಡ 2018ರಲ್ಲೇ ಪ್ರಕಟವಾಗಿದೆ, ಆದರೆ ನಿಮ್ಮ ಎರಡು ಕ್ಯಾಮೆರಾಗಳೂ ಅದನ್ನು ಬಳಸಿಕೊಳ್ಳುವುದಿಲ್ಲ. ಅದು ಎರಡನೆಯ ಸಾಲಿನ ಪಟ್ಟಿಗಳನ್ನು ಬೇರೆ ರೀತಿಯಲ್ಲಿ ಉಪಯೋಗಿಸುವುದರಿಂದ ಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡನ್ನು ಯುಎಚ್‌ಎಸ್-2 ಕ್ಯಾಮೆರಾಕ್ಕೆ ಹಾಕಿದರೆ ಯುಎಚ್‌ಎಸ್-1ರ ವೇಗಕ್ಕೆ ಇಳಿಯುತ್ತದೆ. ನಿಮಗೆ ನಷ್ಟವೇ ಹೊರತು ಲಾಭವಿಲ್ಲ.

ಎ ಮಾದರಿಯ ಪ್ರಶ್ನೆಗೆ ಉತ್ತರ ನಿಮ್ಮ ಕೆಲಸವನ್ನು ಅವಲಂಬಿಸಿದೆ. ಸೋನಿಯ ಎಂಆರ್‌ಡಬ್ಲ್ಯೂ-ಜಿ2 ರೀಡರ್ ಎ ಮಾದರಿಯನ್ನೂ ಯುಎಚ್‌ಎಸ್-2 ಎಸ್‌ಡಿಯನ್ನೂ ಓದುತ್ತದೆ, ನಿಮ್ಮ 10 ಗಿಗಾಬಿಟ್ ಪೋರ್ಟು ಅದಕ್ಕೆ ಸರಿಯಾಗಿಯೇ ಹೊಂದುತ್ತದೆ. ಆದರೆ ಮದುವೆಯಲ್ಲಿ ನೀವು ಎರಡು ಕಿಂಡಿಗಳಲ್ಲೂ ಒಟ್ಟಿಗೆ ಒಂದೇ ಚಿತ್ರವನ್ನು ಬರೆಸುತ್ತಿದ್ದರೆ, ಮತ್ತು ಹಾಗೆ ಬರೆಸಲೇಬೇಕು ಎಂಬುದು ನನ್ನ ಅಭಿಪ್ರಾಯ, ಎರಡನೆಯ ಕಿಂಡಿಯ ಎಸ್‌ಡಿ ಕಾರ್ಡಿನ ವೇಗಕ್ಕೆ ಕ್ಯಾಮೆರಾ ಕಾಯುತ್ತದೆ. ದುಬಾರಿ ಎ ಕಾರ್ಡಿನ ಲಾಭ ಆಗ ಬಹುಪಾಲು ಕರಗುತ್ತದೆ. ಮಾರ್ಕ್ 3ರಲ್ಲಿಯೂ ಇದೇ ರೀತಿ: ಒಂದನೆಯ ಕಿಂಡಿ ಯುಎಚ್‌ಎಸ್-2, ಎರಡನೆಯದು ಯುಎಚ್‌ಎಸ್-1. ಆದ್ದರಿಂದ ಈಗ ನಿಮಗೆ ಬೇಕಾಗಿರುವುದು ಎರಡು ಎಸ್‌ಡಿ ಕಿಂಡಿಗಳಿರುವ ಒಂದು ಯುಎಚ್‌ಎಸ್-2 ರೀಡರ್, ಅಥವಾ ಒಂದೊಂದೇ ಕಿಂಡಿಯ ಎರಡು ರೀಡರುಗಳು. ನಾನಾದರೆ ಎರಡನ್ನು ಕೊಳ್ಳುತ್ತೇನೆ. ಒಂದು ಕೆಟ್ಟರೆ ಮದುವೆಯ ರಾತ್ರಿ ಇನ್ನೊಂದು ಕೈಯಲ್ಲಿರುತ್ತದೆ. ಉಳಿದ ಹಣಕ್ಕೆ ಹೊರಗಿನ ಎಸ್‌ಎಸ್‌ಡಿಯೊಂದನ್ನು ಕೊಂಡರೆ ಎರಡನೆಯ ಪ್ರತಿಯೂ ಬೇಗ ಮುಗಿಯುತ್ತದೆ.

ಮಂಟಪದ ಬೆಳಕು:

ಹಾಗಾದರೆ ಎರಡು ರೀಡರುಗಳನ್ನೇ ಕೊಳ್ಳುತ್ತೇನೆ. ಎರಡು ಕ್ಯಾಮೆರಾಗಳ ಕಾರ್ಡುಗಳನ್ನು ಏಕಕಾಲಕ್ಕೆ ಇಳಿಸಬಹುದೇ, ಅಥವಾ ಒಂದರ ನಂತರ ಒಂದನ್ನು ಮಾಡಬೇಕೇ?

ತಂತಿ-ತಂತ್ರ:

ಎಸ್‌ಎಸ್‌ಡಿಗೆ ಏಕಕಾಲಕ್ಕೆ ಇಳಿಸಬಹುದು. ತಟ್ಟೆ ತಿರುಗುವ ಹಾರ್ಡ್ ಡಿಸ್ಕಿಗೆ ಹಾಗೆ ಮಾಡಬೇಡಿ. ಅದರ ಬರೆಯುವ ತಲೆ ಎರಡು ಜಾಗಗಳ ನಡುವೆ ಓಡಾಡುತ್ತಾ, ಒಂದರ ನಂತರ ಒಂದು ಮಾಡಿದ್ದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ಎರಡು ರೀಡರುಗಳನ್ನು ಒಂದೇ ಹಬ್‌ಗೆ ಜೋಡಿಸದೆ ಲ್ಯಾಪ್‌ಟಾಪಿನ ಬೇರೆ ಬೇರೆ ಪೋರ್ಟುಗಳಿಗೆ ಜೋಡಿಸಿದರೆ ವೇಗ ಹಂಚಿಹೋಗುವ ಭಯವೂ ಕಡಿಮೆ.

ಏಕಕಾಲಕ್ಕೆ ಇಳಿಸುವವರು ಇನ್ನೊಂದನ್ನು ಮೊದಲೇ ಸರಿಪಡಿಸಿಕೊಳ್ಳಬೇಕು. ಎರಡೂ ಸೋನಿ ಕ್ಯಾಮೆರಾಗಳು ಕಡತಗಳಿಗೆ ಡಿಎಸ್‌ಸಿ ಎಂದೇ ಹೆಸರು ಆರಂಭಿಸುತ್ತವೆ. ಒಂದೇ ಫೋಲ್ಡರಿಗೆ ಇಳಿಸಿದರೆ ಒಂದೇ ಹೆಸರಿನ ಎರಡು ಚಿತ್ರಗಳು ಎದುರಾಗಿ, ಹಳೆಯದರ ಮೇಲೆ ಹೊಸದನ್ನು ಬರೆಯಲೇ ಎಂದು ಕಂಪ್ಯೂಟರು ಕೇಳುತ್ತದೆ. ನಿದ್ದೆಗಣ್ಣಿನಲ್ಲಿ ಹೌದೆಂದು ಒತ್ತಿದರೆ ಆರತಕ್ಷತೆಯ ಚಿತ್ರಗಳು ಆ ಫೋಲ್ಡರಿನಿಂದ ಹೋದಂತೆಯೇ. ಕ್ಯಾಮೆರಾದ ಮೆನುವಿನಲ್ಲಿ ಕಡತದ ಹೆಸರಿನ ಮೊದಲ ಮೂರು ಅಕ್ಷರಗಳನ್ನು ಬದಲಾಯಿಸುವ ಸೌಲಭ್ಯವಿದೆ. ಎರಡಕ್ಕೂ ಬೇರೆ ಬೇರೆ ಅಕ್ಷರಗಳನ್ನು ಕೊಡಿ, ಪ್ರತಿ ಕ್ಯಾಮೆರಾಕ್ಕೂ ಪ್ರತ್ಯೇಕ ಫೋಲ್ಡರ್ ಇಡಿ, ಎರಡರ ಗಡಿಯಾರವನ್ನೂ ಒಂದೇ ಹೊತ್ತಿಗೆ ಹೊಂದಿಸಿಕೊಳ್ಳಿ. ಆಲ್ಬಮ್ ಜೋಡಿಸಲು ಕುಳಿತಾಗ ಎರಡೂ ಕ್ಯಾಮೆರಾಗಳ ಚಿತ್ರಗಳು ಸಮಯದ ಕ್ರಮದಲ್ಲಿ ತಾವಾಗಿಯೇ ಕೂಡಿಕೊಳ್ಳುತ್ತವೆ.